ನಲವತ್ತೆರಡು ಜನರ ಕಚೇರಿಗೊಂದು ಮಾಹಿತಿ ಸುರಕ್ಷತಾ ನೀತಿ: ಬರೆಯುವುದು ಎಲ್ಲಿಂದ?

ಫೋರ್ಟಿನ ಗುಮಾಸ್ತ, ಮುಂಬಯಿ

ಬಳಗದ ಎಲ್ಲರಿಗೂ ನಮಸ್ಕಾರ. ಬಲ್ಲಾರ್ಡ್ ಎಸ್ಟೇಟಿನ ಒಂದು ಕಸ್ಟಮ್ಸ್ ಬ್ರೋಕರ್ (ಆಮದು-ರಫ್ತಿನ ಸುಂಕದ ಕಾಗದಪತ್ರ ಮಾಡಿಸಿಕೊಡುವವರ) ಕಚೇರಿಯಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನ್ಹಾವಾ ಶೇವಾ ಬಂದರಿನಲ್ಲಿರುವ ಚಿಕ್ಕ ಶಾಖೆಯನ್ನೂ ಸೇರಿಸಿದರೆ ನಾವು ಒಟ್ಟು ನಲವತ್ತೆರಡು ಜನ. ನಮ್ಮ ದೊಡ್ಡ ಗ್ರಾಹಕರಲ್ಲಿ ಒಬ್ಬರಾದ ಔಷಧ ರಫ್ತುದಾರರು ಕಳೆದ ವಾರ 118 ಪ್ರಶ್ನೆಗಳ ಒಂದು ನಮೂನೆಯನ್ನು ಕಳುಹಿಸಿ, ಒಂದು ತಿಂಗಳೊಳಗೆ ನಮ್ಮ ಮಾಹಿತಿ ಸುರಕ್ಷತಾ ನೀತಿಯ ಪ್ರತಿಯನ್ನು ಒಪ್ಪಿಸದಿದ್ದರೆ ಗುತ್ತಿಗೆಯ ನವೀಕರಣ ಸಾಧ್ಯವಿಲ್ಲವೆಂದು ತಿಳಿಸಿದ್ದಾರೆ. ಕಂಪ್ಯೂಟರಿನ ವಿಷಯ ಸ್ವಲ್ಪ ತಿಳಿದವನೆಂಬ ಒಂದೇ ಕಾರಣಕ್ಕೆ ಮಾಲಕರು ಈ ಹೊಣೆಯನ್ನು ನನ್ನ ತಲೆಗೆ ಕಟ್ಟಿದ್ದಾರೆ. ಜೊತೆಗೆ ಎಲ್ಲಿಂದಲೋ ಇಳಿಸಿಕೊಂಡ 64 ಪುಟಗಳ ಒಂದು ಮಾದರಿಯನ್ನು ಕೈಗಿತ್ತು, "ಹೆಸರು ಬದಲಾಯಿಸಿ ಕಳುಹಿಸಿಬಿಡಿ" ಎಂದಿದ್ದಾರೆ.

ಹಾಗೆ ಮಾಡುವವನೇ ಇದ್ದೆ. ಆದರೆ ಓದುತ್ತಾ ಹೋದಂತೆ 37ನೆಯ ಪುಟದಲ್ಲಿ ಇನ್ನಾವುದೋ ಕಂಪನಿಯ ಹೆಸರು ಹಾಗೆಯೇ ಉಳಿದಿರುವುದು ಕಂಡಿತು. ಅಂದರೆ ನಮಗಿಂತ ಮೊದಲೇ ಯಾರೋ ಹೆಸರು ಬದಲಾಯಿಸಿ ಕಳುಹಿಸಿದ್ದಾರೆ, ಅದೂ ಅರ್ಧಂಬರ್ಧ. ಆ ಮಾದರಿಯಲ್ಲಿ ಬೆರಳಚ್ಚಿನಿಂದ ತೆರೆಯುವ ಬಾಗಿಲುಳ್ಳ ಡೇಟಾ ಸೆಂಟರಿನ ಬಗ್ಗೆ ನಾಲ್ಕು ಪುಟಗಳಿವೆ. ನಮ್ಮ ಸರ್ವರ್ ಇರುವುದು ಕುಡಿಯುವ ನೀರಿನ ಯಂತ್ರದ ಪಕ್ಕದ ಮೇಜಿನ ಕೆಳಗೆ. ಪ್ರತಿ ಮೂವತ್ತು ದಿನಕ್ಕೊಮ್ಮೆ ಪಾಸ್‌ವರ್ಡ್ ಬದಲಾಯಿಸಬೇಕೆಂದೂ, ವಾಟ್ಸ್‌ಆಪ್ ಸಂಪೂರ್ಣ ನಿಷಿದ್ಧವೆಂದೂ ಅದು ಹೇಳುತ್ತದೆ. ವಾಟ್ಸ್‌ಆಪ್ ನಿಲ್ಲಿಸಿದರೆ ಬಂದರಿನಲ್ಲಿ ನಮ್ಮ ಕೆಲಸ ಅರ್ಧ ಗಂಟೆಯಲ್ಲಿ ನಿಂತುಹೋಗುತ್ತದೆ. ನಮ್ಮಂಥ ಕಚೇರಿಗೆ ಒಪ್ಪುವ, ಸುಳ್ಳು ಹೇಳದ ಒಂದು ನೀತಿಯನ್ನು ಬರೆಯುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.


ಹಿಂಜವಡಿ ಕಾವಲುಗಾರ, ಪುಣೆ

ಗುಮಾಸ್ತರೇ, ಆ 64 ಪುಟಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಹದಿನಾಲ್ಕು ವರ್ಷಗಳಿಂದ ಬೇರೆ ಬೇರೆ ಕಂಪನಿಗಳ ಸುರಕ್ಷತಾ ವ್ಯವಸ್ಥೆಯನ್ನು ಪರಿಶೀಲಿಸುವುದೇ ನನ್ನ ಉದ್ಯೋಗ. ನಾನು ಕಂಡ ನೀತಿಗಳಲ್ಲಿ ಬಹುಪಾಲು ಪರಿಶೀಲಕರಿಗಾಗಿ ಬರೆದವು, ನೌಕರರಿಗಾಗಿ ಬರೆದವು ಬಹಳ ಕಡಿಮೆ. ನೀವು ಪಾಲಿಸಲಾಗದ ವಾಕ್ಯವೊಂದು ನಿಮ್ಮ ನೀತಿಯಲ್ಲಿದ್ದರೆ, ಅನಾಹುತವಾದ ದಿನ ಅದೇ ನಿಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ವಾಕ್ಯ ಇಲ್ಲದಿದ್ದರೆ ಅಜ್ಞಾನವೆಂದಾದರೂ ಹೇಳಿಕೊಳ್ಳಬಹುದಿತ್ತು.

ಬರೆಯುವ ಮೊದಲು ಒಂದು ಕೆಲಸ ಮಾಡಿ. ನಾಳೆ ಬರುವ ಯಾವುದಾದರೂ ಒಂದು ಶಿಪ್ಪಿಂಗ್ ಬಿಲ್ಲಿನ (ರಫ್ತಿನ ಘೋಷಣಾ ಪತ್ರದ) ಕಡತವನ್ನು ಹಿಡಿದುಕೊಂಡು, ಗ್ರಾಹಕರ ಇನ್‌ವಾಯ್ಸ್ ನಿಮ್ಮ ಕಚೇರಿಯನ್ನು ಮುಟ್ಟಿದ ಗಳಿಗೆಯಿಂದ ರಫ್ತಿಗೆ ಕಸ್ಟಮ್ಸ್ ಕೊಡುವ ಅನುಮತಿಯಾದ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ ಸಿಗುವವರೆಗೆ ಅದರ ಬೆನ್ನು ಹತ್ತಿ. ಅದು ಯಾರ ಇಮೇಲಿಗೆ ಬಂತು, ಯಾರ ಫೋನಿಗೆ ಹೋಯಿತು, ಎಲ್ಲಿ ಮುದ್ರಣವಾಯಿತು, ಕೆಲಸ ಮುಗಿದ ಮೇಲೂ ಯಾವ ಯಾವ ಯಂತ್ರದಲ್ಲಿ ಅದರ ಪ್ರತಿ ಉಳಿಯಿತು ಎಂಬುದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಯಾರನ್ನೂ ಗದರಬೇಡಿ, ಸುಮ್ಮನೆ ನೋಡಿ. ನಿಮ್ಮ ನೀತಿಯ ವಿಷಯಸೂಚಿ ಆ ಕಾಗದವೇ.

ಗ್ರಾಹಕರ ನಮೂನೆಯಲ್ಲಿ ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 27001ರ ಉಲ್ಲೇಖ ಇದ್ದೇ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. 2022ರ ಆವೃತ್ತಿಯಲ್ಲಿ 93 ನಿಯಂತ್ರಣಗಳಿವೆ (ಅಂದರೆ ಸುರಕ್ಷತಾ ಕ್ರಮಗಳು), ಹಿಂದಿನ 2013ರ ಆವೃತ್ತಿಯಲ್ಲಿ 114 ಇದ್ದವು. ಎಲ್ಲವನ್ನೂ ಎಲ್ಲರೂ ಅಳವಡಿಸಬೇಕೆಂದು ಆ ಮಾನದಂಡವೇ ಹೇಳುವುದಿಲ್ಲ. ಯಾವುದು ನಿಮಗೆ ಅನ್ವಯಿಸುತ್ತದೆ, ಯಾವುದು ಅನ್ವಯಿಸುವುದಿಲ್ಲ, ಏಕೆ ಎಂಬುದನ್ನು ಕಾರಣಸಹಿತ ಬರೆದಿಡಿ ಎನ್ನುತ್ತದೆ, ಅಷ್ಟೆ. ನಿಮ್ಮಲ್ಲಿ ಡೇಟಾ ಸೆಂಟರ್ ಇಲ್ಲವೆಂದು ಒಂದು ಸಾಲಿನಲ್ಲಿ ಒಪ್ಪಿಕೊಳ್ಳುವುದು ನಾಲ್ಕು ಪುಟಗಳ ಕಟ್ಟುಕಥೆಗಿಂತ ಮೇಲು.

ಪಾಸ್‌ವರ್ಡಿನ ವಿಷಯ ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಹಳೆಯ ಮಾದರಿಗಳೆಲ್ಲ ಇಲ್ಲಿಯೇ ಎಡವುತ್ತವೆ. ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಬದಲಾಯಿಸಿ ಎಂಬ ಪದ್ಧತಿ ಬಲಗೊಂಡದ್ದು ಅಮೆರಿಕದ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2003ರಲ್ಲಿ ಹೊರತಂದ ಮಾರ್ಗಸೂಚಿಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ತಾವು ಕೊಟ್ಟ ಸಲಹೆಯಲ್ಲಿ ಬಹುಪಾಲಿನ ಬಗ್ಗೆ ಈಗ ವಿಷಾದವಿದೆಯೆಂದು ಬಹಿರಂಗವಾಗಿ ಹೇಳಿಕೊಂಡರು. ಅದೇ ವರ್ಷ ಆ ಸಂಸ್ಥೆ, ಪಾಸ್‌ವರ್ಡ್ ಸೋರಿದ ಸುಳಿವು ಸಿಕ್ಕಾಗ ಮಾತ್ರ ಬದಲಾವಣೆಗೆ ಒತ್ತಾಯಿಸಿ, ವೃಥಾ ಬದಲಾಯಿಸಲು ಹೇಳಬೇಡಿ ಎಂದು ತನ್ನ ಮಾರ್ಗಸೂಚಿಯನ್ನು ತಿದ್ದಿತು. ಕಾರಣ ಸರಳ. ಪ್ರತಿ ತಿಂಗಳು ಬದಲಾಯಿಸಿ ಎಂದರೆ ಮನುಷ್ಯ "ಗಣಪತಿ01" ಎಂಬುದನ್ನು "ಗಣಪತಿ02" ಮಾಡುತ್ತಾನೆ, ಇಲ್ಲವೇ ಕೀಬೋರ್ಡಿನ ಅಡಿಯಲ್ಲಿ ಬರೆದಿಡುತ್ತಾನೆ. ಉದ್ದನೆಯ ಪಾಸ್‌ವರ್ಡ್ ಇರಲಿ, ಒಬ್ಬರದು ಇನ್ನೊಬ್ಬರಿಗೆ ತಿಳಿಯದಿರಲಿ, ಇಮೇಲಿಗೂ ಬ್ಯಾಂಕಿಗೂ ಎರಡನೆಯ ಹಂತದ ದೃಢೀಕರಣ ಕಡ್ಡಾಯವಾಗಿರಲಿ. ಇಷ್ಟನ್ನು ಮೂರು ಸಾಲಿನಲ್ಲಿ ಬರೆಯಬಹುದು.

ವಾಟ್ಸ್‌ಆಪ್ ನಿಷೇಧದ ಬಗ್ಗೆ ನಿಮ್ಮ ಅನುಮಾನ ಸರಿಯಾದದ್ದೇ. ಯಾವುದನ್ನು ಬೇಡವೆನ್ನುತ್ತೀರೋ ಅದರ ಪಕ್ಕದಲ್ಲೇ "ಇದರ ಬದಲು ಹೀಗೆ ಮಾಡಿ" ಎಂದು ಬರೆಯಲು ಸಾಧ್ಯವಾಗದಿದ್ದರೆ ಆ ನಿಷೇಧವನ್ನು ಬರೆಯಲೇಬೇಡಿ. ದಾರಿ ಮುಚ್ಚಿದರೆ ಜನ ಬೇಲಿ ಹಾರುತ್ತಾರೆ. ಹಾರಿದ್ದು ನಿಮಗೆ ಕಾಣುವುದೂ ಇಲ್ಲ.


ಫೋರ್ಟಿನ ಗುಮಾಸ್ತ, ಮುಂಬಯಿ

ಕಾವಲುಗಾರರೇ, ನೀವು ಹೇಳಿದಂತೆಯೇ ಮಾಡಿದೆ, ಮತ್ತು ಆ ಕಾಗದವನ್ನು ನೋಡಿ ನನಗೇ ನಾಚಿಕೆಯಾಯಿತು.

ನಾನು ಬೆನ್ನು ಹತ್ತಿದ ಕಡತದ ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಬೆಳಿಗ್ಗೆ 10.20ಕ್ಕೆ ಕಚೇರಿಯ ಇಮೇಲಿಗೆ ಬಂದವು. ಕಚೇರಿಯ ಇಮೇಲ್ ಫೋನಿನಲ್ಲಿ ತೆರೆಯುವುದಿಲ್ಲವೆಂಬ ಕಾರಣಕ್ಕೆ ನಮ್ಮ ಹುಡುಗ ಅದನ್ನು ತನ್ನ ಸ್ವಂತ ಜಿಮೇಲಿಗೆ ದಾಟಿಸಿದ. ಅಲ್ಲಿಂದ ಅದು "ನ್ಹಾವಾ ಶೇವಾ ಅರ್ಜೆಂಟ್" ಎಂಬ ವಾಟ್ಸ್‌ಆಪ್ ಗುಂಪಿಗೆ ಹೋಯಿತು. ಆ ಗುಂಪಿನಲ್ಲಿ 31 ಜನರಿದ್ದಾರೆ. ಅವರಲ್ಲಿ ಆರು ಮಂದಿ ಕೆಲಸ ಬಿಟ್ಟು ಹೋದವರು, ಅವರಲ್ಲೊಬ್ಬರು ಈಗ ನಮ್ಮ ಎದುರಾಳಿ ಕಚೇರಿಯಲ್ಲಿದ್ದಾರೆ. ಯಾವ ಗ್ರಾಹಕರ ಯಾವ ಸರಕು ಯಾವ ಬೆಲೆಗೆ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಒಂದೂವರೆ ವರ್ಷದಿಂದ ನಾವೇ ಅವರಿಗೆ ದಿನವೂ ತಿಳಿಸುತ್ತಿದ್ದೇವೆ. ಮಧ್ಯಾಹ್ನ ನಮ್ಮ ಪ್ರಿಂಟರ್ ಕೆಟ್ಟದ್ದರಿಂದ ಬಂದರಿನ ಕೆಲಸ ನೋಡುವ ಡಾಕ್ ಕ್ಲಾರ್ಕ್ ಪೆನ್‌ಡ್ರೈವಿನಲ್ಲಿ ಕಾಗದಗಳನ್ನು ಕೆಳಗಿನ ಝೆರಾಕ್ಸ್ ಅಂಗಡಿಗೆ ಒಯ್ದರು. ಸಂಜೆ ನಾನು ಆ ಅಂಗಡಿಗೆ ಹೋಗಿ ನೋಡಿದರೆ, ಅವರ ಕಂಪ್ಯೂಟರಿನ ಡೆಸ್ಕ್‌ಟಾಪಿನ ಮೇಲೆ ನಮ್ಮದೇ ಹೆಸರಿನ ಒಂದು ಫೋಲ್ಡರ್ ಇತ್ತು. ಅಂಗಡಿಯವರು ಒಳ್ಳೆಯವರು, ನಮ್ಮ ಅನುಕೂಲಕ್ಕೆಂದೇ ಜೋಡಿಸಿಟ್ಟಿದ್ದಾರೆ. ಅದರಲ್ಲಿ ಗ್ರಾಹಕರ ಪ್ಯಾನ್, ಆಧಾರ್, ಬ್ಯಾಂಕಿನ ಪತ್ರ ಎಲ್ಲವೂ ಇವೆ.

ಕೊನೆಯದನ್ನು ಹೇಳಲು ಸಂಕೋಚವಾಗುತ್ತದೆ. ಕಸ್ಟಮ್ಸ್‌ನ ಆನ್‌ಲೈನ್ ಪೋರ್ಟಲ್ ಆದ ಐಸ್‌ಗೇಟ್‌ಗೆ ಕಡತವನ್ನು ಕಳುಹಿಸುವಾಗ ಮಾಲಕರ ಡಿಜಿಟಲ್ ಸಹಿ ಬೇಕು. ಆ ಸಹಿಯನ್ನು ಹಿಡಿದಿಟ್ಟಿರುವ, ಪೆನ್‌ಡ್ರೈವಿನಂಥ ಯುಎಸ್‌ಬಿ ಟೋಕನ್ ಕಿಟಕಿಯ ಪಕ್ಕದ ಕಂಪ್ಯೂಟರಿಗೆ ಸದಾ ಚುಚ್ಚಿಕೊಂಡೇ ಇರುತ್ತದೆ. ಅದರ ಬೆನ್ನಿಗೆ ಬಿಳಿ ಮೆಡಿಕಲ್ ಟೇಪ್ ಅಂಟಿಸಿದೆ. ಟೇಪಿನ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಪಿನ್ ಬರೆದಿದೆ. ಅಕ್ಷರ ಮಾಸಿದಾಗಲೆಲ್ಲ ಯಾರೋ ಅದರ ಮೇಲೆ ಮತ್ತೆ ತಿದ್ದಿದ್ದಾರೆ. ಇದನ್ನು ನಾನೇ ಎಷ್ಟೋ ಸಲ ಬಳಸಿದ್ದೇನೆ, ಒಂದು ದಿನವೂ ವಿಚಿತ್ರವೆನಿಸಿರಲಿಲ್ಲ.


ದಾದರಿನ ವಕೀಲೆ, ಮುಂಬಯಿ

ಗುಮಾಸ್ತರೇ, ನಿಮ್ಮ ಕಾಗದದ ಕೊನೆಯ ಸಾಲಿನಿಂದಲೇ ಆರಂಭಿಸಿ. ಡಿಜಿಟಲ್ ಸಹಿ ಕಚೇರಿಯ ರಬ್ಬರ್ ಮೊಹರಲ್ಲ, ಅದು ಒಬ್ಬ ವ್ಯಕ್ತಿಯ ಸಹಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೆಯ ಕಲಮಿನ ಪ್ರಕಾರ ಸಹಿಯ ಖಾಸಗಿ ಕೀಲಿ (ಟೋಕನಿನೊಳಗಿನ ಗುಪ್ತ ಸಂಕೇತ) ತನ್ನ ಹತೋಟಿಯಲ್ಲೇ ಇರುವಂತೆ ನೋಡಿಕೊಳ್ಳುವ ಹೊಣೆ ಸಹಿಯ ಒಡೆಯನದು. ಅದು ಕೈತಪ್ಪಿದರೆ ಸಹಿಪತ್ರ ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸಬೇಕು, ಹಾಗೆ ತಿಳಿಸುವವರೆಗೆ ಆಗುವುದಕ್ಕೆಲ್ಲ ಅವನೇ ಜವಾಬ್ದಾರ. ನಾಳೆ ಯಾರೋ ತಪ್ಪು ಘೋಷಣೆಯ ಶಿಪ್ಪಿಂಗ್ ಬಿಲ್ಲಿಗೆ ನಿಮ್ಮ ಮಾಲಕರ ಸಹಿ ಹಾಕಿದರೆ, "ಟೋಕನ್ ಎಲ್ಲರೂ ಬಳಸುತ್ತಿದ್ದರು" ಎಂಬ ಮಾತು ಅವರನ್ನು ಕಾಪಾಡುವುದಿಲ್ಲ, ಇನ್ನಷ್ಟು ಸಿಕ್ಕಿಸುತ್ತದೆ.

ನೀತಿಯಲ್ಲಿ ಇರಲೇಬೇಕಾದ ಕಾನೂನಿನ ಗಡುವುಗಳು ಕೆಲವು ಮಾತ್ರ. ಸೈಬರ್ ಘಟನೆಗಳನ್ನು ನಿರ್ವಹಿಸುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಪಟ್ಟಿ ಮಾಡಿದ ಬಗೆಯ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ಅವರಿಗೆ ವರದಿ ಮಾಡಬೇಕು ಮತ್ತು ಗಣಕ ವ್ಯವಸ್ಥೆಯ ಲಾಗ್‌ಗಳನ್ನು (ಯಾವಾಗ ಏನು ನಡೆಯಿತೆಂದು ಯಂತ್ರವೇ ಬರೆದಿಡುವ ದಾಖಲೆ) 180 ದಿನ ಕಾಪಾಡಬೇಕು. ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಅವುಗಳ ಮುಖ್ಯ ಭಾಗ ಜಾರಿಗೆ ಬರಲು 18 ತಿಂಗಳ ಕಾಲಾವಕಾಶವಿದೆ. ಆ ಮೇಲೆ ಮಾಹಿತಿ ಸೋರಿದರೆ ಸಂಬಂಧಪಟ್ಟ ವ್ಯಕ್ತಿಗಳಿಗೂ ಆ ಕಾಯ್ದೆಯಡಿಯ ದತ್ತಾಂಶ ಸಂರಕ್ಷಣಾ ಮಂಡಳಿಗೂ ತಡವಿಲ್ಲದೆ ತಿಳಿಸಿ, 72 ಗಂಟೆಗಳೊಳಗೆ ಮಂಡಳಿಗೆ ವಿವರವಾದ ವರದಿ ಕೊಡಬೇಕಾಗುತ್ತದೆ. ಸೂಕ್ತ ಸುರಕ್ಷತಾ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಗಳವರೆಗೆ ಹೋಗಬಹುದು. ಝೆರಾಕ್ಸ್ ಅಂಗಡಿಯಲ್ಲಿ ಕೂತಿರುವ ಆ ಆಧಾರ್ ಪ್ರತಿಗಳನ್ನು ಈ ಕಣ್ಣಿನಿಂದ ನೋಡಿ.

ಇನ್ನೊಂದು ಎಚ್ಚರಿಕೆ: ಉತ್ಸಾಹದಲ್ಲಿ ಎಲ್ಲವನ್ನೂ ಅಳಿಸಿಹಾಕಬೇಡಿ. ಕಸ್ಟಮ್ಸ್ ಬ್ರೋಕರುಗಳ 2018ರ ಪರವಾನಗಿ ನಿಯಮಗಳು ದಾಖಲೆಗಳನ್ನು ಕನಿಷ್ಠ ಐದು ವರ್ಷ ಇಡಬೇಕೆನ್ನುತ್ತವೆ. ಎಲ್ಲಿ ಇಡಬೇಕು, ಎಲ್ಲಿ ಇಡಕೂಡದು ಎಂಬುದು ನೀತಿಯಲ್ಲಿ ಸ್ಪಷ್ಟವಾಗಿರಲಿ.


ಮಾಟುಂಗಾ ಹೋಟೆಲಿಗ, ಮುಂಬಯಿ

ಎಲ್ಲ ಓದಿದೆ. ತಪ್ಪು ತಿಳಿಯಬಾರದು, ಇದೆಲ್ಲ ದೊಡ್ಡ ಬ್ಯಾಂಕುಗಳ ವ್ಯವಹಾರವಲ್ಲವೇ? ನಮ್ಮ ಗಲ್ಲಾದ ಬಿಲ್ಲಿಂಗ್ ಯಂತ್ರಕ್ಕೆ ಇಪ್ಪತ್ತು ವರ್ಷಗಳಿಂದ ಒಂದೇ ಪಾಸ್‌ವರ್ಡ್, ಅದು ಅಡುಗೆಯವರಿಗೂ ಗೊತ್ತು. ಇಡ್ಲಿಯ ಲೆಕ್ಕ ಕದ್ದು ಯಾರಿಗೇನು ಲಾಭ? ನಂಬಿಕೆಯ ಮೇಲೆ ನಡೆಯುವ ಸಣ್ಣ ಜಾಗಗಳಲ್ಲಿ ಕಾಗದ ತಂದರೆ ನಂಬಿಕೆಯೇ ಕೆಡುತ್ತದೆಂದು ನನ್ನ ಅನಿಸಿಕೆ.


ಠಾಣೆಯ ಲೆಕ್ಕಪತ್ರ

ಹೋಟೆಲಿಗರೇ, ನಿಮ್ಮ ಮಾತನ್ನೇ ನಾನೂ ಮೂರು ವರ್ಷಗಳ ಹಿಂದೆ ಆಡುತ್ತಿದ್ದೆ. ಆಗ ನಾನು ಕೆಲಸ ಮಾಡುತ್ತಿದ್ದ ಬಿಡಿಭಾಗಗಳ ಕಂಪನಿಯಲ್ಲಿ ಹದಿನೆಂಟೇ ಜನ. ನಮಗೆ ಉಕ್ಕು ಪೂರೈಸುವವರಿಂದ ಒಂದು ಇಮೇಲ್ ಬಂತು. ಬ್ಯಾಂಕ್ ಖಾತೆ ಬದಲಾಗಿದೆ, ಬಾಕಿ 3,80,000 ರೂಪಾಯಿಗಳನ್ನು ಹೊಸ ಖಾತೆಗೆ ಹಾಕಿ ಎಂದು. ಹಳೆಯ ಪತ್ರವ್ಯವಹಾರದ ಕೆಳಗೇ ಉತ್ತರದಂತೆ ಬಂದಿತ್ತು, ಲೆಟರ್‌ಹೆಡ್ಡೂ ಸರಿಯಾಗಿತ್ತು. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಹೆಚ್ಚಿತ್ತು. ನಮ್ಮ ಹುಡುಗಿ ಹಣ ಹಾಕಿದಳು.

ನಾನು ಹೇಳಬೇಕೆಂದಿರುವುದು ಆ ಮೋಸದ ಬಗ್ಗೆ ಅಲ್ಲ, ಆಮೇಲಿನ ನಾಲ್ಕು ದಿನಗಳ ಬಗ್ಗೆ. ಅಂದೇ ಸಂಜೆ ಅವಳಿಗೆ ಅನುಮಾನ ಬಂದಿತ್ತು. ಆದರೆ ಅದರ ಹಿಂದಿನ ತಿಂಗಳಷ್ಟೇ ಚಿಕ್ಕ ತಪ್ಪೊಂದಕ್ಕೆ ಒಬ್ಬರ ಸಂಬಳ ಹಿಡಿದಿದ್ದರು. ಆ ಹೆದರಿಕೆಯಲ್ಲಿ ಅವಳು ಯಾರಿಗೂ ಹೇಳದೆ, ನಾಲ್ಕನೆಯ ದಿನ ಅಳುತ್ತಾ ನನ್ನ ಬಳಿ ಬಂದಳು. ಅಷ್ಟರಲ್ಲಿ ಹಣ ಆ ಖಾತೆಯಿಂದ ಏಳೆಂಟು ಕಡೆ ಹರಿದುಹೋಗಿತ್ತು. ಆ ಸಂಜೆಯೇ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಿದ್ದರೆ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶವಿತ್ತೆಂದು ಬ್ಯಾಂಕಿನವರೂ ಪೊಲೀಸರೂ ಹೇಳಿದರು. ಅವಳು ತಪ್ಪು ಮಾಡಿದಳು, ನಿಜ. ಅವಳನ್ನು ಮೂಕಳನ್ನಾಗಿ ಮಾಡಿದ್ದು ನಮ್ಮ ಕಚೇರಿ.

ಈಗ ನಾನಿರುವಲ್ಲಿ ನೀತಿಯ ಮೊದಲ ಪುಟದಲ್ಲೇ ಎರಡು ವಿಷಯಗಳಿವೆ. ಖಾತೆ ಬದಲಾವಣೆಯ ಕೋರಿಕೆ ಯಾರಿಂದ ಬಂದರೂ, ಬಂದ ಇಮೇಲಿನಲ್ಲಿರುವ ಸಂಖ್ಯೆಗಲ್ಲ, ನಮ್ಮ ಹಳೆಯ ಲೆಡ್ಜರಿನಲ್ಲಿರುವ ಸಂಖ್ಯೆಗೆ ಕರೆ ಮಾಡಿ, ಪರಿಚಯದ ವ್ಯಕ್ತಿಯ ಬಾಯಿಂದ ಕೇಳಿದ ಮೇಲೆಯೇ ಹಣ. ಎರಡನೆಯದು, ತಾನಾಗಿ ಬಂದು ತಪ್ಪನ್ನು ಒಪ್ಪಿಕೊಂಡವರ ಮೇಲೆ ಆ ತಪ್ಪಿಗಾಗಿ ಶಿಸ್ತುಕ್ರಮ ಇಲ್ಲ. ಎರಡನೆಯದಕ್ಕೆ ಮಾಲಕರನ್ನು ಒಪ್ಪಿಸಲು ನನಗೆ ಐದು ತಿಂಗಳು ಹಿಡಿಯಿತು.


ಪಿಂಪ್ರಿಯ ಎಚ್‌ಆರ್, ಪುಣೆ

ಲೆಕ್ಕಪತ್ರದವರ ಎರಡನೆಯ ಅಂಶಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಒಂದು ತಿದ್ದುಪಡಿಯೊಂದಿಗೆ: ಬೇಕೆಂದೇ ಮಾಹಿತಿ ಹೊರಗೊಯ್ದವರಿಗೂ ಮತ್ತೆ ಮತ್ತೆ ಎಚ್ಚರಿಸಿದ ಮೇಲೂ ಅದನ್ನೇ ಮಾಡುವವರಿಗೂ ಈ ರಿಯಾಯಿತಿ ಸಿಗಕೂಡದು. ಅದನ್ನು ಬರೆಯದಿದ್ದರೆ ಇಲಾಖಾ ವಿಚಾರಣೆಯಲ್ಲಿ ನಾವು ಪೇಚಿಗೆ ಸಿಲುಕುತ್ತೇವೆ.

ಗುಮಾಸ್ತರ ಕಾಗದದಲ್ಲಿ ನನ್ನ ಕಣ್ಣು ನಿಂತದ್ದು ಗುಂಪಿನಲ್ಲಿ ಉಳಿದ ಆ ಆರು ಜನರ ಮೇಲೆ. ಕೆಲಸ ಬಿಡುವವರಿಂದ ನಾವು ಐಡಿ ಕಾರ್ಡ್, ಲ್ಯಾಪ್‌ಟಾಪ್, ಕೊನೆಗೆ ಡಬ್ಬಿಯ ಲಾಕರಿನ ಬೀಗದಕೈಯನ್ನೂ ಕೇಳಿ ಪಡೆಯುತ್ತೇವೆ, ವಾಟ್ಸ್‌ಆಪ್ ಗುಂಪನ್ನು ಮರೆಯುತ್ತೇವೆ. ಕೊನೆಯ ದಿನದ ಸಂಜೆ ಲೆಕ್ಕ ಚುಕ್ತಾ ಮಾಡುವ ಹಾಳೆಯಲ್ಲೇ ಇಮೇಲ್, ಗುಂಪುಗಳು, ಪೋರ್ಟಲ್‌ಗಳ ಲಾಗಿನ್ ಮುಚ್ಚಿದ ಬಗ್ಗೆ ಒಂದು ಸಾಲು ಇರಲಿ. ಅದಕ್ಕೆ ಸಹಿ ಬೀಳದೆ ಕೊನೆಯ ಸಂಬಳದ ಕಾಗದ ನನ್ನ ಮೇಜಿನಿಂದ ಮುಂದೆ ಹೋಗುವುದಿಲ್ಲವೆಂದು ನಾವು ಮಾಡಿಕೊಂಡಿದ್ದೇವೆ.

ಭಾಷೆಯ ವಿಷಯವನ್ನೂ ಹೇಳಬೇಕು. ನಮ್ಮ ಕಾರ್ಖಾನೆಯಲ್ಲಿ ಇಂಗ್ಲಿಷಿನ ನೀತಿಗೆ ಎಲ್ಲರೂ ಕಣ್ಣುಮುಚ್ಚಿ ಸಹಿ ಹಾಕಿದ್ದರು. ಅದರ ಒಂದು ಪುಟದ ಸಾರವನ್ನು ಮರಾಠಿಯಲ್ಲೂ ಹಿಂದಿಯಲ್ಲೂ ಬರೆದು ಪಾಳಿ ಬದಲಾಗುವ ಹೊತ್ತಿಗೆ ಓದಿ ಹೇಳಿದಾಗ, ಮೊದಲ ದಿನವೇ ಹನ್ನೊಂದು ಪ್ರಶ್ನೆಗಳು ಬಂದವು. ಅದರಲ್ಲಿ ಒಂದು, "ಸಾಹೇಬರು ತಮ್ಮ ಮಗನ ಪೆನ್‌ಡ್ರೈವ್ ತಂದು ಹಾಕುತ್ತಾರಲ್ಲ, ಅವರಿಗೂ ಇದು ಅನ್ವಯಿಸುತ್ತದೆಯೇ?" ಎಂಬುದು. ಆ ಪ್ರಶ್ನೆಗೆ ಉತ್ತರವಾಗಿ ಸಾಹೇಬರ ಕಂಪ್ಯೂಟರಿನಲ್ಲಿ ಪೆನ್‌ಡ್ರೈವ್ ಚುಚ್ಚುವ ಪೋರ್ಟನ್ನೇ ಮೊದಲು ಮುಚ್ಚಬೇಕಾಯಿತು.


ವೆರ್ಣಾ ಪ್ರಯೋಗಶಾಲೆ, ಗೋವಾ

ಪಿಂಪ್ರಿಯವರ ಪೋರ್ಟ್ ಮುಚ್ಚುವ ಮಾತು ಕಚೇರಿಗೆ ಸರಿ, ಎಲ್ಲ ಕಡೆಗೂ ಅಲ್ಲ. ನಾನು ವೆರ್ಣಾ ಕೈಗಾರಿಕಾ ವಸಾಹತಿನ ಒಂದು ಔಷಧ ಘಟಕದ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಮಾತ್ರೆಗಳನ್ನು ವಿಶ್ಲೇಷಿಸುವ ಎಚ್‌ಪಿಎಲ್‌ಸಿ ಉಪಕರಣಗಳಿಗೆ ಜೋಡಿಸಿದ ಎರಡು ಕಂಪ್ಯೂಟರುಗಳು ಇಂದಿಗೂ ವಿಂಡೋಸ್ 7ರಲ್ಲೇ ನಡೆಯುತ್ತವೆ. ಅದಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಹೊಸದಕ್ಕೆ ಹೋಗಬೇಕಾದರೆ ಉಪಕರಣದ ತಂತ್ರಾಂಶವನ್ನೂ ಬದಲಾಯಿಸಿ, ಇಡೀ ವ್ಯವಸ್ಥೆಯನ್ನು ಮತ್ತೆ ಮೌಲ್ಯೀಕರಿಸಬೇಕು. ಅದಕ್ಕೆ ತಿಂಗಳುಗಳು ಬೇಕು, ಹಣವೂ ಬೇಕು. "ಎಲ್ಲ ಯಂತ್ರಗಳೂ ಸದಾ ಅಪ್‌ಡೇಟ್ ಆಗಿರತಕ್ಕದ್ದು" ಎಂದು ಬರೆದ ನೀತಿಗೆ ನಾವು ಪ್ರತಿವರ್ಷ ಸಹಿ ಹಾಕಿ ಪ್ರತಿದಿನ ಸುಳ್ಳಾಡುತ್ತಿದ್ದೆವು.

ಈಗ ಒಂದು ವಿನಾಯಿತಿ ರಿಜಿಸ್ಟರ್ ಇಟ್ಟಿದ್ದೇವೆ. ಯಾವ ಯಂತ್ರಕ್ಕೆ ಯಾವ ನಿಯಮದಿಂದ ವಿನಾಯಿತಿ, ಏಕೆ, ಬದಲಿಗೆ ಏನು ಮಾಡಿದ್ದೇವೆ, ಯಾರು ಒಪ್ಪಿದರು, ಯಾವ ದಿನಾಂಕಕ್ಕೆ ಈ ವಿನಾಯಿತಿ ತಾನಾಗಿ ಸಾಯುತ್ತದೆ ಎಂಬ ಐದು ಅಂಕಣಗಳು. ಆ ಎರಡು ಕಂಪ್ಯೂಟರುಗಳನ್ನು ಕಚೇರಿಯ ಜಾಲದಿಂದ ಬೇರ್ಪಡಿಸಿದ್ದೇವೆ. ಅವುಗಳಿಗೆಂದೇ ಕೆಂಪು ದಾರ ಕಟ್ಟಿದ ಒಂದು ಪೆನ್‌ಡ್ರೈವ್ ಇದೆ, ಬಳಸುವ ಮೊದಲು ಬೇರೊಂದು ಯಂತ್ರದಲ್ಲಿ ತಪಾಸಣೆಯಾಗಿ ಹೆಸರು, ಹೊತ್ತು ದಾಖಲಾಗಬೇಕು. ಕೊನೆಯ ಅಂಕಣವೇ ಮುಖ್ಯವೆಂದು ನನ್ನ ಅನುಭವ. ದಿನಾಂಕವಿಲ್ಲದ ವಿನಾಯಿತಿ ಮಳೆಗಾಲಕ್ಕೆಂದು ಕಟ್ಟಿದ ತಾಡಪಾಲಿನಂತೆ, ಬೇಸಗೆ ಬಂದರೂ ಯಾರೂ ಬಿಚ್ಚುವುದಿಲ್ಲ.


ಹಿಂಜವಡಿ ಕಾವಲುಗಾರ, ಪುಣೆ

ವೆರ್ಣಾದವರು ಹೇಳಿದ್ದು ಸರಿ, ವಿನಾಯಿತಿಯ ಮಾತನ್ನು ನಾನು ಮೊದಲೇ ಹೇಳಬೇಕಿತ್ತು.

ಗುಮಾಸ್ತರ ಶಾಖೆ ನ್ಹಾವಾ ಶೇವಾದಲ್ಲೇ ಇರುವುದರಿಂದ ಬ್ಯಾಕಪ್‌ನ ಬಗ್ಗೆ ಹೊಸದಾಗಿ ಉದಾಹರಣೆ ಹುಡುಕಬೇಕಿಲ್ಲ. 2017ರ ಜೂನ್ 27ರಂದು ನಾಟ್‌ಪೆಟ್ಯಾ ಎಂಬ ದುಷ್ಟ ತಂತ್ರಾಂಶ ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಅಪ್‌ಡೇಟ್ ಮೂಲಕ ಹರಡಿ ಮರ್ಸ್ಕ್ ಹಡಗು ಕಂಪನಿಯ ಜಾಲಕ್ಕೆ ನುಗ್ಗಿದಾಗ, ನ್ಹಾವಾ ಶೇವಾದ ಜೆಎನ್‌ಪಿಟಿ ಬಂದರಿನಲ್ಲಿದ್ದ ಅವರ ಟರ್ಮಿನಲ್ಲಿನ ಗಣಕ ವ್ಯವಸ್ಥೆಯೂ ಸ್ತಬ್ಧವಾಗಿ ಕಂಟೇನರುಗಳ ಸಾಲು ನಿಂತಿತು. ಮರ್ಸ್ಕ್ 45,000 ಕಂಪ್ಯೂಟರುಗಳನ್ನೂ 4,000 ಸರ್ವರುಗಳನ್ನೂ ಹೊಸದಾಗಿ ಸ್ಥಾಪಿಸಿಕೊಳ್ಳಬೇಕಾಯಿತು. ಅವರ ಇಡೀ ಜಾಲದ ಬಳಕೆದಾರರ ಪಟ್ಟಿಯನ್ನು ಹಿಡಿದಿಟ್ಟಿದ್ದ ಸರ್ವರುಗಳು ಒಂದನ್ನೊಂದು ನಕಲು ಮಾಡುತ್ತಾ ಎಲ್ಲ ಒಟ್ಟಿಗೆ ಅಳಿದುಹೋಗಿದ್ದವು. ಘಾನಾ ದೇಶದ ಕಚೇರಿಯಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿದ್ದರಿಂದ ಅಲ್ಲಿನದೊಂದು ಮಾತ್ರ ಬದುಕಿತ್ತು. ಆದ್ದರಿಂದ ಒಂದು ಪ್ರತಿಯಾದರೂ ಜಾಲದಿಂದ ಕಳಚಿಟ್ಟದ್ದಾಗಿರಬೇಕು. ಮೇಜಿನ ಕೆಳಗಿನ ಸರ್ವರಿಗೆ ಸದಾ ಚುಚ್ಚಿಕೊಂಡಿರುವ ಹಾರ್ಡ್‌ಡಿಸ್ಕ್ ಬ್ಯಾಕಪ್ ಅಲ್ಲ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಹಳೆಯ ಕಡತವನ್ನು ಆ ಪ್ರತಿಯಿಂದ ನಿಜವಾಗಿ ತೆರೆದು ನೋಡಿ, ನೋಡಿದವರ ಹೆಸರು ಬರೆದಿಡಿ.

ನಮ್ಮ ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಘಟನೆ ನಿಮಗೆ ನೆನಪಿರಬಹುದು. 2018ರ ಆಗಸ್ಟ್ 11 ಶನಿವಾರದಂದು ಎಟಿಎಂ ವ್ಯವಸ್ಥೆಯೊಳಗೆ ನುಸುಳಿದವರು ನಕಲಿ ಕಾರ್ಡುಗಳ ಮೂಲಕ 28 ದೇಶಗಳಲ್ಲಿ ಹಣ ತೆಗೆದರು. 13ರ ಸೋಮವಾರ ಬ್ಯಾಂಕುಗಳ ನಡುವಿನ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಇನ್ನಷ್ಟು ಹಣ ಹಾಂಗ್‌ಕಾಂಗಿಗೆ ಹೋಯಿತು. ಒಟ್ಟು ಸುಮಾರು 94 ಕೋಟಿ ರೂಪಾಯಿ. ಅದರ ತಾಂತ್ರಿಕ ವಿವರ ನಿಮಗೆ ಬೇಕಿಲ್ಲ, ವಾರಗಳ ಹೆಸರನ್ನು ಗಮನಿಸಿ. ಕೇಡು ರಜೆ ನೋಡಿಕೊಂಡೇ ಬರುತ್ತದೆ. ಗಣೇಶ ಚತುರ್ಥಿಯ ದಿನ ಸರ್ವರಿನ ಪರದೆಯ ಮೇಲೆ ಹಣದ ಬೇಡಿಕೆ ಕಂಡರೆ ಯಾರಿಗೆ ಫೋನ್ ಮಾಡಬೇಕು, ಅವರು ಊರಿಗೆ ಹೋಗಿದ್ದರೆ ಇನ್ನಾರಿಗೆ, ಮಾಲಕರನ್ನು ಕೇಳದೆ ಜಾಲದ ತಂತಿಯನ್ನು ಕೀಳುವ ಅಧಿಕಾರ ಯಾರಿಗೆ ಎಂಬುದು ನೀತಿಯಲ್ಲಿರಬೇಕು. ಆ ಪುಟ ಸರ್ವರಿನೊಳಗಲ್ಲ, ಗೋಡೆಯ ಮೇಲಿರಬೇಕು. ವಕೀಲೆಯವರು ಹೇಳಿದ 6 ಗಂಟೆಗಳ ಗಡಿಯಾರ ರಜೆಯ ದಿನವೂ ಓಡುತ್ತದೆ.


ಫೋರ್ಟಿನ ಗುಮಾಸ್ತ, ಮುಂಬಯಿ

ಎರಡು ವಾರಗಳ ಬಳಿಕ ಬರೆಯುತ್ತಿದ್ದೇನೆ. ನೀತಿ ಈಗ ಐದು ಪುಟಗಳಾಗಿದೆ, ಜೊತೆಗೆ ಗೋಡೆಗೊಂದು ಹಾಳೆ. ಹಿಂದಿ ಪ್ರತಿಯನ್ನು ಡಾಕ್ ಕ್ಲಾರ್ಕುಗಳೇ ತಿದ್ದಿಕೊಟ್ಟಿದ್ದಾರೆ. ವಾಟ್ಸ್‌ಆಪ್ ಬಗ್ಗೆ ಬರೆದದ್ದನ್ನು ಇಲ್ಲಿ ಹಾಕುತ್ತೇನೆ, ದೋಷವಿದ್ದರೆ ತಿಳಿಸಿ:

"ಕಂಟೇನರ್ ಸಂಖ್ಯೆ, ವಾಹನದ ಸಂಖ್ಯೆ, ಸ್ಥಳ, ಸಮಯ ಇವನ್ನು ಕಚೇರಿ ರಚಿಸಿದ ಗುಂಪಿನಲ್ಲಿ ಹಂಚಿಕೊಳ್ಳಬಹುದು. ಇನ್‌ವಾಯ್ಸ್, ಬೆಲೆ, ಪ್ಯಾನ್, ಆಧಾರ್, ಬ್ಯಾಂಕಿನ ಪತ್ರ ಇವನ್ನು ಹಂಚಿಕೊಳ್ಳಕೂಡದು. ಅವಕ್ಕಾಗಿ ಪ್ರತಿಯೊಬ್ಬರ ಫೋನಿನಲ್ಲೂ ಕಚೇರಿಯ ಇಮೇಲ್ ತೆರೆಯುವ ವ್ಯವಸ್ಥೆಯನ್ನು ಕಚೇರಿಯೇ ಮಾಡಿಕೊಡುತ್ತದೆ. ಗುಂಪಿನ ಸದಸ್ಯರ ಪಟ್ಟಿಯನ್ನು ಪ್ರತಿ ತಿಂಗಳ ಮೊದಲ ಸೋಮವಾರ ಶಾಖೆಯ ಮುಖ್ಯಸ್ಥರು ಪರಿಶೀಲಿಸುತ್ತಾರೆ."

ಝೆರಾಕ್ಸ್ ಅಂಗಡಿಯ ಫೋಲ್ಡರನ್ನು ಅಂಗಡಿಯವರ ಎದುರಿನಲ್ಲೇ ಅಳಿಸಿದೆವು. ಅವರು ಸ್ವಲ್ಪ ಬೇಸರಿಸಿಕೊಂಡರು. ಎರಡನೆಯ ಪ್ರಿಂಟರಿಗೆ ಹದಿನಾಲ್ಕು ಸಾವಿರ ಖರ್ಚಾಯಿತು. ಇಡೀ ನೀತಿಯಲ್ಲಿ ಹಣ ಬೇಡಿದ್ದು ಅದೊಂದೇ, ಮತ್ತು ಮಾಲಕರು ಅತಿ ಹೆಚ್ಚು ವಾದ ಮಾಡಿದ್ದೂ ಅದಕ್ಕೇ.

ಗ್ರಾಹಕರ 118 ಪ್ರಶ್ನೆಗಳಲ್ಲಿ 29ಕ್ಕೆ "ಅನ್ವಯಿಸುವುದಿಲ್ಲ" ಎಂದೂ, 17ಕ್ಕೆ "ಇನ್ನೂ ಮಾಡಿಲ್ಲ, ಇಂಥ ದಿನಾಂಕದೊಳಗೆ ಮಾಡುತ್ತೇವೆ" ಎಂದೂ ಬರೆದೆವು. ಅವರು ಆಕ್ಷೇಪಿಸಲಿಲ್ಲ, ಆ 17ರ ಪಟ್ಟಿಯನ್ನು ಮೂರು ತಿಂಗಳ ನಂತರ ಮತ್ತೆ ಕೇಳುವುದಾಗಿ ಹೇಳಿದ್ದಾರೆ.

ಒಂದು ಪ್ರಶ್ನೆ ಉಳಿದಿದೆ. ಮಾಲಕರು ವರ್ಷದಲ್ಲಿ ಎರಡು ಸಲ ದುಬೈಗೆ ಮಗಳ ಮನೆಗೆ ಹೋಗುತ್ತಾರೆ. ಆಗ ಟೋಕನನ್ನು ನನ್ನ ಬಳಿಯಾದರೂ ಬಿಟ್ಟುಹೋಗುತ್ತೇನೆ, ಅದಕ್ಕೊಂದು ವಿನಾಯಿತಿ ಬರೆಯಿರಿ ಎನ್ನುತ್ತಿದ್ದಾರೆ. ಬರೆಯಬಹುದೇ?


ದಾದರಿನ ವಕೀಲೆ, ಮುಂಬಯಿ

ಬರೆಯಬೇಡಿ. ಕಾನೂನಿನ ಹೊಣೆಗೆ ಕಚೇರಿಯ ರಿಜಿಸ್ಟರಿನಲ್ಲಿ ವಿನಾಯಿತಿ ಕೊಡಲು ಬರುವುದಿಲ್ಲ. ನಿಮ್ಮಲ್ಲಿ ಕಸ್ಟಮ್ಸ್‌ನ ಪರೀಕ್ಷೆ ಪಾಸಾಗಿ ಜಿ ಕಾರ್ಡ್ ಪಡೆದ ನೌಕರರಿದ್ದರೆ, ಘೋಷಣೆಗಳಿಗೆ ಸಹಿ ಮಾಡುವ ಅಧಿಕಾರವನ್ನು ಅವರಿಗೆ ಕೊಡಲು ಪರವಾನಗಿ ನಿಯಮಗಳಲ್ಲೇ ಅವಕಾಶವಿದೆ. ಅವರ ಹೆಸರಿನಲ್ಲೇ ಪ್ರತ್ಯೇಕ ಸಹಿಪತ್ರ ಮಾಡಿಸಿ. ಆ ಪರೀಕ್ಷೆಯಿಲ್ಲದೆ ಸಿಗುವ ಎಚ್ ಕಾರ್ಡ್ ಮಾತ್ರ ಇದ್ದವರಿಗೆ ಈ ಅಧಿಕಾರ ಕೊಡಲಾಗದು. ಯಾರ ಸಹಿಯೋ ಅವರ ಕೈಯಲ್ಲೇ ಟೋಕನ್.


ಮಾಟುಂಗಾ ಹೋಟೆಲಿಗ, ಮುಂಬಯಿ

ಗಲ್ಲಾದ ಪಾಸ್‌ವರ್ಡ್ ಬದಲಾಯಿಸಿದೆ. ನಂಬಿಕೆ ಕೆಟ್ಟಿಲ್ಲ, ಆದರೆ ಮೂರು ದಿನಗಳಿಂದ ಕ್ಯಾನ್ಸಲ್ ಆದ ಬಿಲ್ಲುಗಳ ಸಂಖ್ಯೆ ಕಡಿಮೆಯಾಗಿದೆ. ಇದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.


ಫೋರ್ಟಿನ ಗುಮಾಸ್ತ, ಮುಂಬಯಿ

ವಕೀಲೆಯವರಿಗೆ ಧನ್ಯವಾದ. ಜಿ ಕಾರ್ಡ್ ಇರುವವರು ನಮ್ಮಲ್ಲಿ ಇಬ್ಬರಿದ್ದಾರೆ, ಅರ್ಜಿ ಹಾಕಿದ್ದೇವೆ. ನಿನ್ನೆ ಬೆಳಿಗ್ಗೆ ಹಳೆಯ ಟೋಕನಿನ ಟೇಪ್ ಕಿತ್ತೆ. ಕಿತ್ತಾದ ಮೇಲೆ ತಿಳಿಯಿತು, ಆ ಸಂಖ್ಯೆ ಮೂರೂ ಕೋಣೆಯವರಿಗೆ, ಚಹಾ ತರುವ ಹುಡುಗನಿಗೂ ಸಹ, ಬಾಯಿಪಾಠವಾಗಿದೆ. ಹಾಗಾಗಿ ಮಾಲಕರನ್ನೇ ಕೂರಿಸಿ ಪಿನ್ ಬದಲಾಯಿಸಿದೆವು. ಸಂಜೆ ನಾಲ್ಕೂವರೆಗೆ ಅವರೇ ಅದನ್ನು ಮರೆತು ಎರಡು ಸಲ ತಪ್ಪಾಗಿ ಒತ್ತಿದರು. ಇನ್ನೂ ತಪ್ಪಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆಂದು ನಾನು ಕೈ ಹಿಡಿದು ನಿಲ್ಲಿಸಿದೆ. ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಕೊನೆಗೆ ನೆನಪಾಯಿತು, ಒತ್ತಿದರು, ಕಡತ ಹೋಯಿತು. ಪಿನ್ ಏನೆಂದು ನಾನು ನೋಡಲಿಲ್ಲ.